ಕಾಮಿಕ್ಸ್ ಬಿಡಿ ಸಂಚಿಕೆ 4.99 ಡಾಲರ್: ಪುಲ್ ಲಿಸ್ಟ್‌ನಲ್ಲಿ ಮೊದಲು ಯಾವುದನ್ನು ಕೈಬಿಡಬೇಕು?

ಪುಟ_ಇಪ್ಪತ್ತು:
ಅಮೆರಿಕದ ಕಾಮಿಕ್ಸ್ ಪ್ರಕಾಶಕರಾದ ಮಾರ್ವೆಲ್, ಡಿಸಿ ಎರಡರಲ್ಲೂ ಬಿಡಿ ಸಂಚಿಕೆ 2.99ರಿಂದ 3.99ಕ್ಕೆ ಏರಿತು. ಈಗ 4.99 ಸಾಮಾನ್ಯವಾಗುತ್ತಿದೆ. ಕಥೆ ಮಾತ್ರ ಅದೇ 20 ಪುಟದ ಆಸುಪಾಸು. ತಿಂಗಳಿಗೆ ಹತ್ತು ಸರಣಿ ಅಂದರೆ ಮೊದಲು 30 ಡಾಲರಿಗೆ ಮುಗಿಯುತ್ತಿದ್ದದ್ದು 50 ಮುಟ್ಟುತ್ತದೆ. ಸಂಚಿಕೆ ಕೆಡದಂತೆ ಇಡುವ ಪ್ಲಾಸ್ಟಿಕ್ ಬ್ಯಾಗು, ಅದರೊಳಗಿನ ರಟ್ಟಿನ ಬೋರ್ಡು, ಡಬ್ಬದ ಖರ್ಚು ಬೇರೆ. ಪುಲ್ ಲಿಸ್ಟ್ (ಅಂಗಡಿಯವರು ನಮಗಾಗಿ ತಪ್ಪದೆ ಎತ್ತಿಡುವ ಸರಣಿಗಳ ಪಟ್ಟಿ) ಕತ್ತರಿಸಲೇಬೇಕು, ಆದರೆ ಜೋಡಿಸಿಕೊಂಡು ಬಂದ ರನ್ (ಒಂದು ಸರಣಿಯ ಸತತ ಸಂಚಿಕೆಗಳು) ಮಧ್ಯದಲ್ಲಿ ತುಂಡಾಗುವುದು ಎಷ್ಟು ಸಂಕಟ ಅಂತ ಇಲ್ಲಿರುವವರಿಗೆ ಹೇಳಬೇಕಿಲ್ಲ. ಎಲ್ಲವನ್ನೂ ಟ್ರೇಡ್ ಪೇಪರ್‌ಬ್ಯಾಕ್‌ಗೆ (ಕೆಲವು ಸಂಚಿಕೆಗಳನ್ನು ಒಟ್ಟಿಗೆ ಸೇರಿಸಿದ ಪುಸ್ತಕ) ಬದಲಾಯಿಸುವುದು ಲೆಕ್ಕದಲ್ಲಿ ಸರಿಯೇ? ಬಿಡುವುದಾದರೆ ಯಾವ ಹಂತದಲ್ಲಿ ಬಿಡಬೇಕು? ಇನ್ನೊಂದು ಪ್ರಶ್ನೆ: ಹೊಸದರ ಬೆಲೆ ಏರಿದರೆ ಹಳೆಯದರ ಬೆಲೆಯೂ ಏರುತ್ತದೆ ಅನ್ನುತ್ತಾರೆ, ನಿಜವೇ?

ಲಾಂಗ್‌ಬಾಕ್ಸ್:
ಮೊದಲು ಪುಟದ ಲೆಕ್ಕ ಹಾಕಿ. 4.99ಕ್ಕೆ 20 ಪುಟ ಅಂದರೆ ಪುಟಕ್ಕೆ 25 ಸೆಂಟ್. ಆರು ಸಂಚಿಕೆಗೆ 29.94. ಅದೇ ಆರು ಸಂಚಿಕೆಯ ಟ್ರೇಡ್ 17.99ಕ್ಕೋ 19.99ಕ್ಕೋ ಬಂದರೆ ಪುಟಕ್ಕೆ 15ರಿಂದ 17 ಸೆಂಟ್. ಹತ್ತು ಡಾಲರ್ ಉಳಿತಾಯ, ಬ್ಯಾಗು ಬೋರ್ಡಿನ ಗೊಡವೆಯೂ ಇಲ್ಲ. 2024ರಲ್ಲಿ ಡಿಸಿ ಶುರು ಮಾಡಿದ ಕಾಂಪ್ಯಾಕ್ಟ್ ಪುಸ್ತಕಗಳು 9.99ಕ್ಕೇ ಸಿಗುತ್ತವೆ. ಆದರೆ ಅಳತೆ 5.5 × 8.5 ಇಂಚು, ಚಿತ್ರ ಕುಗ್ಗುತ್ತದೆ. ಓದಿಗೆ ಸಾಕು, ಚಿತ್ರಕಾರನ ಗೆರೆಗಾಗಿ ಕೊಳ್ಳುವವರಿಗೆ ಸಾಲದು.

ಹಾಗಂತ ಎಲ್ಲವನ್ನೂ ಟ್ರೇಡ್‌ಗೆ ತಳ್ಳಬೇಡಿ. ಪಟ್ಟಿಯನ್ನು ಎರಡು ಮಾಡಿ: ಓದಲು ಮಾತ್ರ ಬೇಕಾದದ್ದು, ಇಟ್ಟುಕೊಳ್ಳಲು ಬೇಕಾದದ್ದು. ಸ್ಪೈಡರ್-ಮ್ಯಾನ್, ಬ್ಯಾಟ್‌ಮ್ಯಾನ್ ತರಹದ ದೊಡ್ಡ ಸರಣಿಗಳು ನೀವು ಬಿಟ್ಟರೂ ನಿಲ್ಲುವುದಿಲ್ಲ, ಟ್ರೇಡ್ ಬಂದೇ ಬರುತ್ತದೆ. ಸಣ್ಣ ಪ್ರಕಾಶಕರ ಹೊಸ ಸರಣಿ ಹಾಗಲ್ಲ. ಅದು ಮುಂದುವರಿಯಬೇಕೋ ಬೇಡವೋ ಅನ್ನುವುದು ಬಿಡಿ ಸಂಚಿಕೆಗಳ ಆರ್ಡರ್ ಮೇಲೆಯೇ ತೀರ್ಮಾನವಾಗುತ್ತದೆ. ಎಲ್ಲರೂ ಟ್ರೇಡ್‌ಗೆ ಕಾದರೆ ಐದನೇ ಸಂಚಿಕೆಗೆ ಸರಣಿ ಮುಗಿದುಹೋಗುತ್ತದೆ. ಇಷ್ಟವಾದ ಸಣ್ಣ ಸರಣಿಯನ್ನು ಬಿಡಿಯಾಗಿ ಕೊಳ್ಳಿ, ಕಡಿತ ದೊಡ್ಡದರಲ್ಲಿ ಮಾಡಿ. ಹೆಚ್ಚಿನವರು ಇದಕ್ಕೆ ತದ್ವಿರುದ್ಧವಾಗಿ ಮಾಡುತ್ತಾರೆ, ಅದೇ ಬೇಸರದ ಸಂಗತಿ.

ಬಿಡುವ ಹಂತ: ಕಥಾಭಾಗ ಮುಗಿಯುವ ಸಂಚಿಕೆ ಯಾವುದು ಅಂತ ಮುಂದೆ ಬರಲಿರುವ ಸಂಚಿಕೆಗಳ ಮುಂಗಡ ಪಟ್ಟಿ ನೋಡಿ ತಿಳಿದುಕೊಳ್ಳಿ, ಅಲ್ಲಿಗೆ ನಿಲ್ಲಿಸಿ. ಅಂಗಡಿಯವರಿಗೆ ಕೊನೆಯ ಆರ್ಡರ್ ದಿನಾಂಕಕ್ಕೆ (ಅವರು ತಮ್ಮ ಆರ್ಡರ್ ಬದಲಿಸಬಹುದಾದ ಕೊನೆಯ ದಿನ) ಮುಂಚೆಯೇ ಬರೆದು ತಿಳಿಸಬೇಕು. ಅದು ಸಾಮಾನ್ಯವಾಗಿ ಬಿಡುಗಡೆಗೆ ಮೂರ್ನಾಲ್ಕು ವಾರ ಮೊದಲು ಬರುತ್ತದೆ. ಅಂಗಡಿಗಳು ತರಿಸುವ ಬಹುಪಾಲು ಪ್ರತಿಗಳು ವಾಪಸ್ ಹೋಗುವುದಿಲ್ಲ. ಬಂದ ಮೇಲೆ 'ಬೇಡ' ಅಂದರೆ ನಷ್ಟ ಅವರ ತಲೆಗೆ.

ಹನ್ನೆರಡು_ಸೆಂಟ್:
ಕೊಳ್ಳುವವರ ಕೈ ಬೆಲೆಗೆ ಹೇಗೆ ಹಿಂಜರಿಯುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆಗಳು ಚೆನ್ನಾಗಿವೆ. 1961ರಲ್ಲಿ ಆಗಿನ ಕಾಮಿಕ್ಸ್ ಪ್ರಕಾಶನ ಸಂಸ್ಥೆ ಡೆಲ್ 10 ಸೆಂಟಿನಿಂದ ನೇರ 15ಕ್ಕೆ ಹಾರಿತು, ಉಳಿದವರು 12ಕ್ಕೆ ನಿಂತರು. ಡೆಲ್ ಮಾರಾಟ ಬಿದ್ದು ಕೊನೆಗೆ 12ಕ್ಕೇ ಇಳಿಯಬೇಕಾಯಿತು. 1971ರಲ್ಲಿ ಡಿಸಿಯೂ ಮಾರ್ವೆಲ್ಲೂ ಪುಟ ಹೆಚ್ಚಿಸಿ 25 ಸೆಂಟ್ ಮಾಡಿದವು. ಮಾರ್ವೆಲ್ ಸ್ವಲ್ಪದರಲ್ಲೇ ತೆಳು ಸಂಚಿಕೆಗೆ ಮರಳಿ 20 ಸೆಂಟಿಗೆ ಇಳಿಸಿತು. ಡಿಸಿ ಸುಮಾರು ಒಂದು ವರ್ಷ 25ರಲ್ಲೇ ಉಳಿಯಿತು, ಆ ಹೊತ್ತಿನಲ್ಲಿ ಮಾರ್ವೆಲ್ ಮುಂದೆ ಹೋಯಿತು. ಹೆಚ್ಚು ಪುಟ ಕೊಟ್ಟರೂ ಜನ ನೋಡಿದ್ದು ಮುಖಪುಟದ ಮೇಲಿನ ಅಂಕಿಯನ್ನು. 2011ರಲ್ಲಿ ಡಿಸಿ 2.99ಕ್ಕೆ ಇಳಿದಾಗ ಕಥೆಯನ್ನು 22ರಿಂದ 20 ಪುಟಕ್ಕೆ ಇಳಿಸಿತ್ತು. ಬೆಲೆ ಆಮೇಲೆ ಏರಿತು, ಆ ಎರಡು ಪುಟ ಮಾತ್ರ ಎಲ್ಲ ಸರಣಿಗೂ ವಾಪಸ್ ಬರಲಿಲ್ಲ.

ಹೊಸದರ ಜೊತೆ ಹಳೆಯದರ ಬೆಲೆ ಏರುವ ವಿಷಯ: ನೇರ ಸಂಬಂಧ ಇಲ್ಲ. ಹಳೆ ಸಂಚಿಕೆಗೆ ಬೆಲೆ ಬರುವುದು ಉಳಿದಿರುವ ಪ್ರತಿಗಳು, ಅವುಗಳ ಸ್ಥಿತಿ, ಬೇಡಿಕೆ ಈ ಮೂರರಿಂದ. ಬೆಲೆಯೇರಿಕೆಯೇ ಅಪರೂಪದ ಪ್ರತಿ ಹುಟ್ಟಿಸಿದ್ದೂ ಉಂಟು: 1976ರಲ್ಲಿ ಮಾರ್ವೆಲ್ 25 ಸೆಂಟಿನ ಬದಲು 30, 1977ರಲ್ಲಿ 30ರ ಬದಲು 35 ಸೆಂಟಿನ ಪ್ರತಿಗಳನ್ನು ಕೆಲವೇ ಕಡೆ ಪ್ರಯೋಗವಾಗಿ ಬಿಟ್ಟಿತ್ತು. ಇವತ್ತು ಅದೇ ಸಂಚಿಕೆಯ ಸಾಮಾನ್ಯ ಪ್ರತಿಗಿಂತ ಅವು ಎಷ್ಟೋ ಪಟ್ಟು ದುಬಾರಿ. ಕೊಳ್ಳುವಾಗ ಎಚ್ಚರ: ಸ್ಟಾರ್ ವಾರ್ಸ್ ಮೊದಲ ಸಂಚಿಕೆಯ ಮರುಮುದ್ರಣದ ಮೇಲೂ 35 ಸೆಂಟ್ ಅಂತಲೇ ಇರುತ್ತದೆ. ಅಂಕಿಯೊಂದನ್ನೇ ನಂಬದೆ ಮುಖಪುಟದಲ್ಲೂ ಒಳಪುಟದ ಸಣ್ಣಕ್ಷರದ ಪ್ರಕಾಶನ ವಿವರದಲ್ಲೂ 'ರೀಪ್ರಿಂಟ್' ಅಂತ ಇದೆಯೇ ನೋಡಿ.

ಸ್ಪೈನ್_ಗೆರೆ:
ಹೊಸ ಸಂಚಿಕೆಗಳಲ್ಲಿ ಹಣ ಪೋಲಾಗುವುದು ವೇರಿಯಂಟ್ ಕವರ್‌ಗಳಲ್ಲಿ (ಅದೇ ಸಂಚಿಕೆಗೆ ಬೇರೆ ಚಿತ್ರದ ಮುಖಪುಟ). 1:25 ಅಂದರೆ ಸಾಮಾನ್ಯ ಕವರಿನ 25 ಪ್ರತಿ ತರಿಸಿದ ಅಂಗಡಿಗೆ ಆ ವೇರಿಯಂಟ್ ಒಂದು ಸಿಗುತ್ತದೆ. ಅದಕ್ಕಾಗಿ ಅಂಗಡಿಗಳು ಬೇಡದಷ್ಟು ತರಿಸಿಕೊಳ್ಳುತ್ತವೆ. ಮಿಕ್ಕ ಪ್ರತಿಗಳು, ಅದರಲ್ಲೂ ಮೊದಲ ಸಂಚಿಕೆಗಳು, ಕೆಲವು ತಿಂಗಳಲ್ಲಿ ರಿಯಾಯಿತಿ ಡಬ್ಬಕ್ಕೆ ಬೀಳುತ್ತವೆ. ಕೊನೆಯ ಸಂಚಿಕೆಗಳ ಕಥೆ ಉಲ್ಟಾ: ಆರ್ಡರ್ ಕುಸಿದಿರುತ್ತದೆ, ಮುದ್ರಣ ಕಡಿಮೆ, ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಮೊದಲನೆಯದಕ್ಕೆ ಕಾಯಬಹುದು, ಕೊನೆಯದಕ್ಕೆ ಕಾಯಬಾರದು.

ರಿಯಾಯಿತಿ ಡಬ್ಬದಿಂದ ಎತ್ತುವಾಗ ಸಂಚಿಕೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬೆನ್ನಿನ ಉದ್ದಕ್ಕೂ, ಮುಖ್ಯವಾಗಿ ಎರಡು ಪಿನ್‌ಗಳ ಸುತ್ತ, ಕೂದಲೆಳೆಯಂಥ ಅಡ್ಡಗೆರೆಗಳು ಕಾಣುತ್ತವೆ. ಗೆರೆಯಲ್ಲಿ ಬಣ್ಣ ಒಡೆದು ಬಿಳಿ ಕಾಗದ ಇಣುಕಿದರೆ ಅದಕ್ಕೆ 10ರಲ್ಲಿ 9.8 ಗ್ರೇಡ್ (ಪ್ರತಿಯ ಸ್ಥಿತಿಗೆ ಕೊಡುವ ಅಂಕ) ಸಿಗುವುದು ಕಷ್ಟ. ಓದಲು ಏನೂ ತೊಂದರೆಯಿಲ್ಲ. 4.99ರ ಸಂಚಿಕೆಯನ್ನು ಗ್ರೇಡಿಂಗ್‌ಗೆ ಕಳಿಸಿದರೆ ಶುಲ್ಕ, ಸಾಗಣೆ ಸೇರಿ ಮುಖಬೆಲೆಯ ಹಲವು ಪಟ್ಟು ಆಗುತ್ತದೆ. 9.8 ಪ್ರತಿ ಮಾರುವ ಬೆಲೆ ಆ ಒಟ್ಟು ಮೊತ್ತ ದಾಟದಿದ್ದರೆ ಕಳಿಸಲೇಬೇಡಿ.

ಪುಟ_ಇಪ್ಪತ್ತು:
ಎಲ್ಲರಿಗೂ ಧನ್ಯವಾದ. ಓದುವ ಪಟ್ಟಿಯನ್ನು ಡಿಜಿಟಲ್‌ಗೆ ಹಾಕಿದರೆ? ಖರ್ಚು ತಗ್ಗಿಸಲು ಬ್ಯಾಗು ಬೋರ್ಡಿನಲ್ಲೂ ಉಳಿಸಬಹುದೇ?

ಲಾಂಗ್‌ಬಾಕ್ಸ್:
ಡಿಜಿಟಲ್ ಒಳ್ಳೆಯ ದಾರಿ. ಮಾರ್ವೆಲ್ ಅನ್‌ಲಿಮಿಟೆಡ್ ಎಂಬ ಚಂದಾ ಸೇವೆಯಲ್ಲಿ ಹೊಸ ಸಂಚಿಕೆ ಅಂಗಡಿಗೆ ಬಂದ ಸುಮಾರು ಮೂರು ತಿಂಗಳಿಗೆ ಬರುತ್ತದೆ. ಡಿಸಿ ಯೂನಿವರ್ಸ್ ಇನ್ಫಿನಿಟ್‌ನ ಅಲ್ಟ್ರಾ ಚಂದಾದಲ್ಲಿ ಒಂದು ತಿಂಗಳಿಗೇ. ಓದಿ ಮೆಚ್ಚಿದ್ದನ್ನು ಆಮೇಲೆ ಕಾಗದದಲ್ಲಿ ಕೊಳ್ಳಿ, ಆದರೆ ಮೇಲೆ ಹೇಳಿದ ಕೊನೆಯ ಸಂಚಿಕೆಗಳ ಮಾತು ಮರೆಯಬೇಡಿ.

ಸ್ಪೈನ್_ಗೆರೆ:
ಬ್ಯಾಗು: ಓದುವ ಪ್ರತಿಗಳಿಗೆ ಪಾಲಿಪ್ರೊಪಿಲೀನ್ ಸಾಕು, ಕೆಲವು ವರ್ಷಕ್ಕೊಮ್ಮೆ ಬದಲಿಸಿ. ದುಬಾರಿ ಮೈಲಾರ್ (ಪಾಲಿಯೆಸ್ಟರ್ ಹಾಳೆಯ ಬ್ಯಾಗು) ಬೆಲೆಬಾಳುವ ಪ್ರತಿಗಳಿಗೆ ಮಾತ್ರ. ಬೋರ್ಡು ಆಮ್ಲರಹಿತ ಇರಲೇಬೇಕು, ಇಲ್ಲಿ ಉಳಿಸಬೇಡಿ. ಅಳತೆ ತಪ್ಪಿಸಬೇಡಿ: ಇಂದಿನ ಸಂಚಿಕೆಗೆ 6⅞ ಇಂಚು ಅಗಲದ ಬ್ಯಾಗು, 1960ರ ದಶಕದವಕ್ಕೆ 7⅛. ಹಳೆಯದನ್ನು ಚಿಕ್ಕ ಬ್ಯಾಗಿಗೆ ತುರುಕಿದರೆ ಅಂಚು ಮಡಚಿಕೊಳ್ಳುತ್ತದೆ. ಟೇಪ್ ಯಾವಾಗಲೂ ಬ್ಯಾಗಿನ ಹಿಂಬದಿಗೆ ಹಾಕಿ. ಹೊರತೆಗೆಯುವಾಗ ಮುಚ್ಚಳವನ್ನು ಟೇಪ್ ಸಮೇತ ಪೂರ್ತಿ ಹಿಂದಕ್ಕೆ ಮಡಚಿ ಅಂಟಿಸಿ, ಇಲ್ಲವಾದರೆ ಅಂಟು ಮುಖಪುಟಕ್ಕೆ ತಗುಲಿ ಬಣ್ಣ ಕಿತ್ತುಬರುತ್ತದೆ. ಡಬ್ಬದಲ್ಲಿ ಬಿಗಿಯಾಗಿ ತುಂಬಿದರೆ ಎಳೆಯುವಾಗ ಬೆನ್ನು ಬಾಗುತ್ತದೆ, ಸಡಿಲ ಬಿಟ್ಟರೆ ಸಂಚಿಕೆಗಳು ವಾಲಿ ಬಿಲ್ಲಾಗುತ್ತವೆ. ಅರ್ಧ ಖಾಲಿ ಡಬ್ಬದ ಹಿಂಭಾಗಕ್ಕೆ ರಟ್ಟಿನ ತುಂಡು ಮಡಚಿಟ್ಟು ನೆಟ್ಟಗೆ ನಿಲ್ಲಿಸಿ.