ಪೂಲ್–ಸ್ಪಾ ವಾಲ್ವ್ ಮೋಟಾರ್ ಮತ್ತು ಹೀಟರ್‌ನ ವೈರಿಂಗ್ ಕುರಿತು

ಪ್ರಶ್ನೆ:
ಪೂಲ್ (ಈಜುಕೊಳ) ಮತ್ತು ಸ್ಪಾ (ಬಿಸಿನೀರಿನ ಪುಟ್ಟ ಕೊಳ) ಎರಡಕ್ಕೂ ಸೇರಿ ಒಂದೇ ಪಂಪ್, ಒಂದೇ ಫಿಲ್ಟರ್, ಒಂದೇ ಗ್ಯಾಸ್ ಹೀಟರ್ ಇರುವ ವ್ಯವಸ್ಥೆ ನಮ್ಮದು. ನೀರು ಎಳೆಯುವ ಕಡೆ ಒಂದು, ಮರಳಿ ಬಿಡುವ ಕಡೆ ಒಂದು ಎಂದು ಕೈಯಿಂದ ತಿರುಗಿಸುತ್ತಿದ್ದ ಎರಡು ತ್ರೀ-ವೇ ವಾಲ್ವ್‌ಗಳಿಗೆ 24 ವೋಲ್ಟ್ ಎಸಿ ಮೋಟಾರ್ ಕೂರಿಸಿ, ಕಂಟ್ರೋಲರ್‌ಗೆ ಜೋಡಿಸಿದ್ದೇನೆ. ಸ್ಪಾ ಬಟನ್ ಒತ್ತಿದರೆ ಎಳೆಯುವ ವಾಲ್ವ್ ಸ್ಪಾ ಕಡೆಗೆ ತಿರುಗುತ್ತದೆ, ಬಿಡುವ ವಾಲ್ವ್ ಮಾತ್ರ ಪೂಲ್ ಕಡೆಗೆ ಹೋಗುತ್ತದೆ. ಸ್ಪಾದ ನೀರು ಕಣ್ಣೆದುರೇ ಇಳಿಯತೊಡಗುತ್ತದೆ. ಇನ್ನೊಂದು ವಿಷಯವೆಂದರೆ, ಹೀಟರ್‌ನಲ್ಲಿ ‘ಫೈರ್‌ಮನ್ ಸ್ವಿಚ್’ ಎಂದು ಗುರುತಿಸಿದ ಎರಡು ಟರ್ಮಿನಲ್‌ಗಳ ನಡುವೆ ಗಿಡ್ಡ ತಂತಿಯೊಂದಿದೆ. ವಾಲ್ವ್‌ನ 24 ವೋಲ್ಟನ್ನೇ ಅಲ್ಲಿಗೂ ಕೊಡಬಹುದೇ?

ಉತ್ತರ 1:
ದಯವಿಟ್ಟು ಕೊಡಬೇಡಿ. ಹೀಟರನ್ನು ಹೊರಗಿನಿಂದ ಚಾಲೂ ಮಾಡಲು, ಆರಿಸಲು ಇರುವ ಆ ಟರ್ಮಿನಲ್‌ಗಳು ಹೀಟರ್‌ನ ಒಳಗಿನ ಕಂಟ್ರೋಲ್ ಸರ್ಕ್ಯೂಟ್‌ನದೇ ಭಾಗ. ಹೊರಗಿನ ವೋಲ್ಟೇಜ್ ಹರಿದರೆ ಬೋರ್ಡ್ ಸುಡುವ ಸಾಧ್ಯತೆಯಿದೆ. ಅಲ್ಲಿಗೆ ಬೇಕಾದದ್ದು ಡ್ರೈ ಕಾಂಟ್ಯಾಕ್ಟ್, ಅಂದರೆ ತನ್ನದೆಂಬ ವೋಲ್ಟೇಜ್ ಇಲ್ಲದೆ ಬರೀ ಕೂಡಿಕೊಳ್ಳುವ, ಬಿಟ್ಟುಕೊಳ್ಳುವ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಸಂಪರ್ಕ ಮಾತ್ರ. ಹೀಟರ್‌ನ ವಿದ್ಯುತ್ ತೆಗೆದು, ಗಿಡ್ಡ ತಂತಿಯನ್ನು ಬಿಚ್ಚಿ, ಕಂಟ್ರೋಲರ್‌ನ ಹೀಟರ್ ಔಟ್‌ಪುಟ್‌ನ ಎರಡು ವೈರ್‌ಗಳನ್ನು ಅದೇ ಜಾಗಕ್ಕೆ ಸೇರಿಸಿ. ತಂತಿ ಹಾಗೆಯೇ ಉಳಿದರೆ ಕಂಟ್ರೋಲರ್‌ನ ಮಾತು ಹೀಟರ್‌ಗೆ ತಲುಪುವುದೇ ಇಲ್ಲ.

ಇನ್ನು ಮುಂದೆ ತಾಪಮಾನ ನೋಡಿಕೊಳ್ಳುವುದು ಕಂಟ್ರೋಲರ್ ಆದ್ದರಿಂದ ಹೀಟರ್‌ನ ಸ್ವಂತ ಥರ್ಮೋಸ್ಟಾಟನ್ನು ಗರಿಷ್ಠಕ್ಕೆ ಇಡುವ ರೂಢಿ ಇದೆ. ರಿಲೇ ಸಂಪರ್ಕ ಅಂಟಿಕೊಂಡು ಹೀಟರ್ ಆರದೇ ಹೋದರೆ, ನೀರಿನ ಬಿಸಿ ಸ್ಪಾದ ಮಿತಿ ಮೀರದಂತೆ ತಡೆಯುವುದು ಆ ಥರ್ಮೋಸ್ಟಾಟ್ ಒಂದೇ ಆಗಿರುವುದರಿಂದ, ಸ್ಪಾದ ಮಿತಿಯಾದ 40 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅದನ್ನು ಇಡಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 2:
ವಾಲ್ವ್‌ನ ತೊಂದರೆ ಸರಳವಾದದ್ದು. ಮೋಟಾರ್‌ಗೆ ಮೂರು ವೈರ್‌ಗಳಿರುತ್ತವೆ: ಒಂದು ಕಾಮನ್, ಉಳಿದೆರಡು ಒಂದೊಂದು ದಿಕ್ಕಿಗೆ. ಒಳಗಿನ ಕ್ಯಾಮ್ (ಮೋಟಾರ್‌ನೊಂದಿಗೆ ತಿರುಗುವ ಉಬ್ಬಿರುವ ಬಿಲ್ಲೆ), ಮಿತಿ ಸ್ವಿಚ್ಚನ್ನು ಒತ್ತಿದೊಡನೆ ಮೋಟಾರ್ ನಿಲ್ಲುತ್ತದೆ. ಸಾಮಾನ್ಯವಾಗಿ ಇದು ಅರ್ಧ ಸುತ್ತಿನ ಪ್ರಯಾಣ. ಬಿಡುವ ವಾಲ್ವ್‌ನ ಮೋಟಾರ್‌ನ ಮೈಮೇಲೆ ನಡುವೆ ‘ಆಫ್’ ಇರುವ ಪುಟ್ಟ ಟಾಗಲ್ ಸ್ವಿಚ್ ಇದ್ದರೆ, ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿ. ದಿಕ್ಕು ಅದಲುಬದಲಾಗುತ್ತದೆ, ವೈರ್ ಮುಟ್ಟುವ ಅಗತ್ಯವಿಲ್ಲ. ಪಂಪ್ ನಿಲ್ಲಿಸಿಕೊಂಡೇ ಪರೀಕ್ಷಿಸಿ, ಎರಡೂ ವಾಲ್ವ್‌ಗಳ ಹಿಡಿಕೆ ಪೂರ್ತಿ ತುದಿ ಮುಟ್ಟಿದೆಯೇ ಎಂದು ಹತ್ತಿರದಿಂದ ನೋಡಿ. ಬಿಡುವ ವಾಲ್ವ್‌ನಲ್ಲಿ ಪೂಲ್ ಕಡೆಗೆ ಕೂದಲೆಳೆಯಷ್ಟು ಸಂದಿ ಉಳಿದರೂ ಸ್ಪಾ ನಿಧಾನವಾಗಿ ಖಾಲಿಯಾಗುತ್ತದೆ. ಆಗ ಕ್ಯಾಮ್‌ಗಳನ್ನು ಸರಿಪಡಿಸಬೇಕು.

ಟ್ರಾನ್ಸ್‌ಫಾರ್ಮರ್‌ನ ಸಾಮರ್ಥ್ಯವನ್ನೂ ಲೆಕ್ಕ ಹಾಕಿ. ಮೋಟಾರ್‌ನ ಲೇಬಲ್‌ನಲ್ಲಿ 0.75 ಆಂಪ್ ಎಂದಿದ್ದರೆ ಒಂದಕ್ಕೆ 18 ವಿಎ (ವೋಲ್ಟ್ ಮತ್ತು ಆಂಪ್‌ಗಳ ಗುಣಲಬ್ಧ), ಎರಡೂ ಒಟ್ಟಿಗೆ ತಿರುಗುವಾಗ 36 ವಿಎ ಬೇಕು. ಈ ಕಡಿಮೆ ವೋಲ್ಟೇಜ್ ವೈರ್‌ಗಳು ಪಂಪ್‌ನ ಮೇನ್ಸ್ ವೈರ್‌ನೊಂದಿಗೆ ಒಂದೇ ಪೈಪ್‌ನಲ್ಲಿ ಹೋಗಬಾರದು. ಮೇನ್ಸ್ ಮತ್ತು ಬಾಂಡಿಂಗ್ (ಲೋಹದ ಭಾಗಗಳನ್ನು ತಂತಿಯಿಂದ ಒಂದಕ್ಕೊಂದು ಕೂಡಿಸುವ) ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಪ್ರಶ್ನೆ ಕೇಳಿದವರು:
ಟಾಗಲ್ ಸರಿಸಿದ ಮೇಲೆ ಎರಡೂ ವಾಲ್ವ್‌ಗಳು ಒಟ್ಟಿಗೆ ಸ್ಪಾ ಕಡೆಗೆ ತಿರುಗುತ್ತಿವೆ, ಧನ್ಯವಾದಗಳು. ಹೀಟರ್ ಮತ್ತು ಪಂಪ್ ಒಂದೇ ಕ್ಷಣದಲ್ಲಿ ನಿಂತರೆ ತೊಂದರೆಯಿದೆಯೇ?

ಉತ್ತರ 1:
ಇದೆ. ಪಂಪ್ ನಿಂತರೆ ಹೀಟರ್‌ನ ಪ್ರೆಶರ್ ಸ್ವಿಚ್ ಬರ್ನರನ್ನು ಆರಿಸುತ್ತದೆ ನಿಜ. ಆದರೆ ಹೀಟ್ ಎಕ್ಸ್‌ಚೇಂಜರ್‌ನಲ್ಲಿ (ಜ್ವಾಲೆಯ ಕಾವನ್ನು ನೀರಿಗೆ ದಾಟಿಸುವ ಭಾಗ) ಉಳಿದ ಕಾವು ಅಲ್ಲಿ ನಿಂತ ನೀರನ್ನು ಕುದಿಸಬಲ್ಲದು. ಕಂಟ್ರೋಲರ್‌ನಲ್ಲಿ ಹೀಟರ್ ಕೂಲ್‌ಡೌನ್ ಆಯ್ಕೆಯನ್ನು ಚಾಲೂ ಮಾಡಿ, ಬರ್ನರ್ ಆರಿದ ನಂತರವೂ ಹೀಟರ್‌ನ ಕೈಪಿಡಿ ಹೇಳುವಷ್ಟು ಹೊತ್ತು ಪಂಪ್ ಓಡಲಿ. ನೀರಿನ ತಾಪಮಾನದ ಸೆನ್ಸರ್ ಹೀಟರ್‌ಗೆ ಮೊದಲಿನ ಪೈಪ್‌ನಲ್ಲೇ ಇದೆಯೇ ಎಂದೂ ನೋಡಿಕೊಳ್ಳಿ. ಹೀಟರ್ ದಾಟಿದ ಮೇಲಿದ್ದರೆ ಸ್ಪಾ ಬಿಸಿಯಾಗುವ ಮುನ್ನವೇ ಕಂಟ್ರೋಲರ್ ಹೀಟರನ್ನು ಆರಿಸಿಬಿಡುತ್ತದೆ.