ನಾಡಗೀತೆ ಮುಗಿದ ಮ್ಯಾಲೂ ಹಾಡೂ ಹುಡುಗನ್ನ ಎಲ್ಲಿ ನಿಂದರಸ್ಲಿ?

ಸಂಗೀತ ಟೀಚರ್, ಹುಬ್ಬಳ್ಳಿ:
ನಮಸ್ಕಾರ್ರಿ ಎಲ್ಲಾರಿಗೂ. ನಾ ಒಂದು ಹಿರಿಯ ಪ್ರಾಥಮಿಕ ಶಾಲೆಯೊಳಗ ಸಂಗೀತ ಕಲಸ್ತೀನಿ. ನವೆಂಬರ್ 1ರ ರಾಜ್ಯೋತ್ಸವಕ್ಕ 22 ಹುಡುಗುರ ಸಮೂಹ ಗಾಯನ ತಯಾರ ಮಾಡಾಕತ್ತೀನಿ. ಅದರಾಗ ಆರನೇತ್ತೆ ಹುಡುಗ ಒಬ್ಬಾಂವ ಅದಾನ, ಅವಗ ಆಟಿಸಂ ಐತಿ. ಮಾತು ಭಾಳ ಕಡಿಮಿ. ಆದ್ರ ಕಿವಿ ನನಗಿಂತ ಚುರುಕು. ಹಾರ್ಮೋನಿಯಂನ್ಯಾಗ ಕಾಳಿ ನಾಲ್ಕರ (ನಾಲ್ಕನೇ ಕರೀ ಪಟ್ಟಿ) ಬದ್ಲಿ ನಾ ಕಾಳಿ ಐದು ಹಿಡದ್ನೆಂದ್ರ, ಎದ್ದು ಬಂದು ನನ್ನ ಬೆರಳು ಹಿಡದು ಮೊದಲಿನ ಪಟ್ಟಿ ಮ್ಯಾಲೆ ಇಡ್ತಾನ.

ತೊಂದ್ರಿ ಇರೂದು ಕಡೀ ಸಾಲಿನ್ಯಾಗ. ನಾಡಗೀತೆ 2 ನಿಮಿಷ 30 ಸೆಕೆಂಡಿನೊಳಗ, ಮೈಸೂರು ಅನಂತಸ್ವಾಮಿಯವರ ಧಾಟಿಯಾಗ ಹಾಡಬೇಕಂತ 2022ರಾಗ ಸರ್ಕಾರದ ಆದೇಶ ಆಗೇತಿ. ನಾವೆಲ್ಲಾ ಅಷ್ಟರೊಳಗ ಮುಗಸ್ತೀವಿ, ಅವ ಷಡ್ಜ, ಅಂದ್ರ ಮೂಲ 'ಸಾ' ಸ್ವರ, ಹಿಡದು ನಿಂತಬಿಡ್ತಾನ. ಮೈಕ್ ಕೀಂ ಅಂದ್ರ ಕಿವಿ ಮುಚ್ಚಿಕೊಂಡು ಕುಂತಬಿಡ್ತಾನ.

ಹೋದ ವರ್ಷ ನಾನ ಅವಗ "ಬರೇ ತುಟಿ ಆಡ್ಸಪಾ, ದನಿ ತಗೀಬ್ಯಾಡ" ಅಂದಿದ್ದೆ. ಹೇಳಿದ್ದನ್ನ ಹೇಳಿದಂಗ ಮಾಡೂ ಹುಡುಗ. ಸಂಕ್ರಾಂತಿ ದಾಟೂ ಮಟಾ ಕ್ಲಾಸಿನ್ಯಾಗೂ ಬರೇ ತುಟಿ ಆಡಿಸಿದ. ಅವರವ್ವ ಬಂದು, "ಜಳಕಾ ಮಾಡೂವಾಗ ಗುನುಗತಿದ್ದ, ಈಗ ಅದೂ ನಿಂತೇತ್ರಿ ಟೀಚರ್" ಅಂದ್ರು. ಆ ಮಾತು ಇವತ್ತಿಗೂ ನನ್ನ ಚುಚ್ಚತೈತಿ.

ಈ ಸಲ ಶಾಲೆಯ ಹಿರೇರು, "ಅವನ್ನ ಕೆಳಗ ಕುರ್ಚಿ ಮ್ಯಾಲೆ ಕೂಡಸ್ರಿ, ಚಪ್ಪಾಳಿ ಹೊಡೀಲಿ" ಅನ್ನಾಕತ್ತಾರ. ನನಗ ಒಪ್ಪಿಗಿ ಇಲ್ಲ. ಅವಗ ಹಾಡಿನೊಳಗ ಜಾಗಾ ಬೇಕು. ಹೆಂಗ ಮಾಡ್ಲಿ, ತಿಳದವ್ರು ಹೇಳ್ರಿ.

ತಬಲಾ ಮಾಸ್ತರ, ಧಾರವಾಡ:
ಟೀಚರ್, ಆ ಹುಡುಗ ಹಿಡಿಯೂದು ಷಡ್ಜ ಅಂದ್ರ ಅದು ತಪ್ಪಲ್ರಿ, ತಂಬೂರಿ ಮಾಡೂ ಕೆಲಸ ಅದ. ಅವನ ಕೈಯಾಗ ಶ್ರುತಿ ಪೆಟ್ಟಿಗಿ ಕೊಡ್ರಿ, ತಿದಿ ಒತ್ತಿದ್ರ ಒಂದೇ ಸ್ವರ ಎಳದು ಹಿಡಿಯೂ ಪೆಟ್ಟಿಗಿ ಅದು. ಹಾಡಿಗೆ ಮೊದಲ ಬಿಚ್ಚೂದು ಅವನ, ಕಡೀಕ ಮುಚ್ಚೂದೂ ಅವನ. "ಸಾಕು, ನಿಲ್ಲಸು" ಅಂತ ಯಾರೂ ಅನ್ನಬಾರದು. ತಿದಿ ನಿಂತ್ರ ಹಾಡ ಮುಗೀತಂತ ಕೈಗೇ ತಿಳೀತದ.

ನಾಡಗೀತೆ ನಿಂತು ಹಾಡ್ರಿ. ಉಳದ ಹಾಡಿಗೆ ಜಮಖಾನಿ ಹಾಸಿ, ಭಜನಿಗೆ ಕೂತಂಗ ಕೂಡಸ್ರಿ. ಭಜನ್ಯಾಗ ಒಬ್ಬ ಸಾಲು ಎತ್ತತಾನ, ಉಳದವ್ರು ಹಿಡೀತಾರ. ಹಿಂದ ಬಿದ್ದವ್ರನ್ನ ಯಾರೂ ಹೊಳ್ಳಿ ನೋಡೂದಿಲ್ಲ. ಕಿವಿ ಕೇಳದ ಹುಡುಗಿ ಒಬ್ಬಾಕಿ ನನ್ನ ಹತ್ರ ಡಗ್ಗಾದ (ತಬಲಾ ಜೋಡಿಯ ದೊಡ್ಡದು) ಮೈಮ್ಯಾಲೆ ಅಂಗೈ ಇಟಗೊಂಡು ಕೆಹರವಾ ತಾಳದ ಎಂಟು ಮಾತ್ರೆ ಕಲತಾಳ. ಸಮ್, ಅಂದ್ರ ತಾಳದ ಮೊದಲ ಮಾತ್ರೆ, ಬಂದಾಗ ಆಕಿ ಕಣ್ಣ ನೋಡಬೇಕಿತ್ತು ನೀವು.

ಬಿ.ಐ.ಇ.ಆರ್.ಟಿ. (ವಿಶೇಷ ಅಗತ್ಯದ ಮಕ್ಕಳ ಕಲಿಕೆಗೆ ನೆರವಾಗುವ) ಶಿಕ್ಷಕ, ಹಾವೇರಿ:
ಮೇಡಂ, ಹಿರಿಯರಿಗೆ ಮೊದಲು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೋರಿಸಿ. ಅದರಲ್ಲಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಓದಿನ ಜೊತೆ ಆಟ, ಮನರಂಜನೆಯ ಚಟುವಟಿಕೆಗಳಲ್ಲೂ ಸಮಾನ ಅವಕಾಶ ಕೊಡಬೇಕೆಂದು 16ನೇ ಕಲಂ ಹೇಳುತ್ತದೆ. ನಾವು ತೋರುವ ಕರುಣೆ ಅಲ್ಲ ಇದು.

ಮೈಕಿನ ವಿಷಯ: ಸ್ಪೀಕರ್ ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕಾಗಲೇ ಆ ಕೀಂ ಶಬ್ದ ಬರುವುದು. ಹುಡುಗನನ್ನು ಸ್ಪೀಕರಿನಿಂದ ದೂರ, ಸಾಲಿನ ತುದಿಯಲ್ಲಿ ನಿಲ್ಲಿಸಿ. ಬೇಕಾದಾಗ ಇಳಿದು ಹೋಗಲು ದಾರಿ ಇರಬೇಕು, ಜೊತೆಗೆ ಅವನಿಗೆ ಒಗ್ಗಿದ ಗೆಳೆಯ ಇರಬೇಕು. ಮೆಟ್ಟಿಲು, ಪರದೆ, ಪೆಟ್ಟಿಗೆ, ಚಪ್ಪಾಳೆ, ಹೀಗೆ ಆಗುವುದನ್ನೆಲ್ಲ ಚಿತ್ರ ಬರೆದು ದಿನಾ ತೋರಿಸಿ. ಖಾಲಿ ವೇದಿಕೆಗೆ ಮೊದಲೇ ಎರಡು ಮೂರು ಸಲ ಕರೆದೊಯ್ಯಿರಿ. ಆ ದಿನ ಅವನು ಬೇಡವೆಂದರೆ ಒತ್ತಾಯ ಮಾತ್ರ ಬೇಡ.

ಒಬ್ಬ ತಾಯಿ, ಗದಗ:
ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಐತ್ರಿ. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಸೂ ವೀರೇಶ್ವರ ಪುಣ್ಯಾಶ್ರಮ ಇರೂ ಊರು ನಮ್ಮದು. ಪಂಚಾಕ್ಷರ ಗವಾಯಿಗಳಿಗೂ ಕಣ್ಣಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. 2010ರಾಗ ಪುಟ್ಟರಾಜರಿಗೆ ಪದ್ಮಭೂಷಣ ಬಂದಾಗ ಊರಿಗೂರ ಹಿಗ್ಗಿತ್ತು. ಆದ್ರ ಒಂದು ಮಾತು ನನ್ನ ಹೊಟ್ಯಾಗ ಐತಿ. ಕಣ್ಣಿಲ್ಲದ ಕೂಸು ಛಲೋ ಹಾಡಿದ್ರ ಮಂದಿ ಕೈ ಮುಗೀತಾರ. ಸ್ವರ ಹತ್ತದ, ಶಬ್ದ ತೊದಲೂ ನನ್ನ ಮಗಳಂಥಾಕಿಗೆ ಸಾಲಿನ್ಯಾಗ ಜಾಗಾ ಇಲ್ಲ. ನಿಮ್ಮ ಹುಡುಗಗ ಶ್ರುತಿ ಐತಿ, ಸಂತೋಷ. ಶ್ರುತಿ ಇಲ್ಲದವ್ರನ್ನೂ ಸೇರಿಸ್ಕೊರಿ ಟೀಚರ್. ನನ್ನ ಮಗಳಿಗೆ ಪ್ರತಿ ಸಾಲಿನ ಕಡೀ ಶಬ್ದ ಅಷ್ಟ ಬರ್ತೈತಿ. ಅದು ಬರೂ ತನಕ ಆಕಿ ಉಸಿರು ಹಿಡದು ಕಾಯ್ತಾಳ.

ಸಂಗೀತ ಟೀಚರ್, ಹುಬ್ಬಳ್ಳಿ:
ಗದಗಿನ ಅಕ್ಕಾರ, ನಿಮ್ಮ ಮಾತು ಓದಿ ರಾತ್ರಿ ನಿದ್ದಿ ಬರಲಿಲ್ಲ. ದನಿ ಸರಿಯಿಲ್ಲಂತ ಜುಲೈದಾಗ ನಾನ ಐದು ಮಂದಿ ಹುಡುಗುರನ್ನ ತಗದಿದ್ದೆ. ನಿನ್ನೆ ಅವರನ್ನೂ ಕರದೆ, ಈಗ 27 ಮಂದಿ ಆದ್ರು. ಕಡೀ ಶಬ್ದ ಎಲ್ಲಾರೂ ಕೂಡಿ ಹೇಳೂವಂಗ ಒಂದು ಹಾಡು ಕಲಸಾಕತ್ತೀನಿ.

ಮಾಸ್ತರ, ಶನಿವಾರ ಮುಂಜಾನಿ ಪೆಟ್ಟಿಗಿ ಕೊಟ್ಟೆ. ಮೊದಲ ಸಲ ನಡುವ ಮುಚ್ಚಿದ. ಎರಡನೇ ಸಲ ಬಿಚ್ಚಿದ್ದು ಮುಚ್ಚಲೇ ಇಲ್ಲ. ಮೂರನೇ ಸಲ ಎಲ್ಲಾರ ದನಿ ನಿಂತ ಮ್ಯಾಲೆ ಎರಡು ಉಸಿರು ತಡದು, ಮೆಲ್ಲಕ ಮುಚ್ಚಿದ. ಆ ಎರಡು ಉಸಿರನ್ನ ನಾ ತಿದ್ದೂದಿಲ್ಲ. ಬುಧವಾರ ಮೈಕಿನವ್ರನ್ನ ಕರಸೀನಿ, ಸಾಲಿ ಬಿಟ್ಟ ಮ್ಯಾಲೆ ಅವನ್ನೂ ಅವರವ್ವನ್ನೂ ವೇದಿಕೆಗೆ ಕರಕೊಂಡು ಹೋಗ್ತೀನಿ.