ಹಳೇ ಸ್ವಿಚ್ ಕ್ಯಾಸೆಟ್‌ಗಳು ಸ್ವಿಚ್ 2ರಲ್ಲಿ ಓಡ್ತವಾ: ಭಾಗ್ಯಕ್ಕನಿಗೆ ಉತ್ತರ

ಭಾಗ್ಯಕ್ಕ, ನಿನ್ನ ಮೆಸೇಜ್ ಕೇಳಿದೆ. ಭಾವ ಟ್ರೈನಿಂಗ್ ಮುಗಿಸ್ಕೊಂಡು ಜಪಾನಿಂದ ಬರೋವಾಗ ಚರಣ್‌ಗೆ ನಿಂಟೆಂಡೊ ಸ್ವಿಚ್ 2 ಅನ್ನೋ ವಿಡಿಯೋ ಗೇಮ್ ಸೆಟ್ ತರ್ತಾರಂತೆ, ಮನೇಲಿರೋ ಹಳೇ ಸ್ವಿಚ್ ಕ್ಯಾಸೆಟ್‌ಗಳು ಅದರಲ್ಲಿ ಓಡ್ತವಾ ಅಂತ ಕೇಳಿದ್ದೀಯ. ಅದಕ್ಕೆ ಗೋಪಿ ಮಾವ, ಹಳೇದನ್ನ ಈಗ್ಲೇ ಮಾರ್ಬಿಡಿ, ಆಮೇಲೆ ರೇಟು ಬಿದ್ದೋಗತ್ತೆ ಅಂದಿದ್ದಾರೆ. ಕ್ಯಾಸೆಟ್‌ಗಳು ಓಡ್ತವೆ ಅಕ್ಕ, ಹೆಚ್ಚುಕಮ್ಮಿ ಎಲ್ಲಾನೂ. ಆದ್ರೆ ಮಾವ, ದಯವಿಟ್ಟು ಹಳೇದನ್ನ ಈಗ ಮಾರಿಸ್ಬೇಡಿ. ಚರಣ್ ಇಷ್ಟು ವರ್ಷ ಆಡಿರೋದೆಲ್ಲ ಇರೋದು ಆ ಹಳೇ ಸ್ವಿಚ್ ಹೊಟ್ಟೇಲಿ. ಸೇವ್, ಅಂದ್ರೆ ಆಟ ಎಲ್ಲೀವರೆಗೆ ಬಂದಿದೆ ಅನ್ನೋ ದಾಖಲೆ, ಕ್ಯಾಸೆಟ್‌ನಲ್ಲೂ ಇರಲ್ಲ, ಮೆಮೊರಿ ಕಾರ್ಡ್‌ನಲ್ಲೂ ಇರಲ್ಲ, ಸೆಟ್‌ನ ಒಳಗಿನ ಮೆಮೊರೀಲೇ ಇರತ್ತೆ. ಸೆಟ್ ಮಾರಿ ಕ್ಯಾಸೆಟ್ ಉಳಿಸ್ಕೊಂಡ್ರೆ ಹುಡುಗ ಎಲ್ಲಾ ಆಟಾನೂ ಮೊದಲಿಂದ ಶುರು ಮಾಡ್ಬೇಕು.

ಮೊದಲು ಭಾವ ಅಲ್ಲಿ ಅಂಗಡಿಗೆ ಹೋಗೋಕೆ ಮುಂಚೆ ತಿಳ್ಕೋಬೇಕಾದ್ದು. ಜಪಾನಲ್ಲಿ ಸ್ವಿಚ್ 2 ಎರಡು ಥರ ಸಿಗತ್ತೆ. 2025ರ ಜೂನ್ 5ಕ್ಕೆ ಬಿಡುಗಡೆ ಆದಾಗ ಒಂದಕ್ಕೆ 49,980 ಯೆನ್, ಇನ್ನೊಂದಕ್ಕೆ 69,980 ಯೆನ್. ಅಂಗಡೀಲಿ ಸುಲಭವಾಗಿ ಕೈಗೆ ಸಿಗೋದು ಅಗ್ಗದ್ದು. ಅದು ಜಪಾನಿ ಭಾಷೆ ಒಂದೇ ಇರೋದು. ಮೆನು ಪೂರ್ತಿ ಜಪಾನಿ, ಇಂಗ್ಲಿಷ್‌ಗೆ ಬದಲಾಯಿಸೋಕೆ ಬರಲ್ಲ. ಭಾಷೆಗಿಂತ ದೊಡ್ಡ ತೊಂದ್ರೆ ಅಕೌಂಟ್‌ದು. ಜಪಾನ್ ದೇಶ ಅಂತ ನಮೂದಾಗಿರೋ ನಿಂಟೆಂಡೊ ಅಕೌಂಟ್ ಬಿಟ್ಟು ಬೇರೆ ಯಾವುದನ್ನೂ ಆ ಸೆಟ್ ಜೋಡಿಸ್ಕೊಳಲ್ಲ. ಚರಣ್ ಅಕೌಂಟು ಬೇರೆ ದೇಶದ್ದಾಗಿದ್ರೆ ಅವನ ಸೇವ್‌ಗಳೂ, ಡೌನ್‌ಲೋಡ್ ಮಾಡಿರೋ ಆಟಗಳೂ ಬರೋಕೆ ದಾರೀನೇ ಇಲ್ಲ. ಅಕೌಂಟಿನ ದೇಶ ಬದಲಾಯಿಸ್ತೀವಿ ಅಂದ್ರೂ, ಜಪಾನಿನ ಆನ್‌ಲೈನ್ ಅಂಗಡಿ 2025ರ ಮಾರ್ಚ್ 25ರಿಂದ ಹೊರದೇಶದ ಕ್ರೆಡಿಟ್ ಕಾರ್ಡ್ ತಗೊಳ್ಳೋದು ನಿಲ್ಲಿಸಿದೆ, ಕೋಲಾರದಲ್ಲಿ ಕೂತು ಅಲ್ಲಿ ಆಟ ಕೊಳ್ಳೋದು ಕಷ್ಟ. ಅದಕ್ಕೇ ಹೇಳ್ತಿರೋದು, ಬಹುಭಾಷೆದು, ಅಂದ್ರೆ ಆ ದುಬಾರಿದು, ಸಿಕ್ರೆ ಮಾತ್ರ ತರ್ಲಿ. ಅದನ್ನ ಕಂಪನಿ ತನ್ನ ಸ್ವಂತ ಆನ್‌ಲೈನ್ ಅಂಗಡೀಲಿ ಮಾರತ್ತೆ, ಆರ್ಡರ್ ಮಾಡೋಕೆ ಅಲ್ಲಿನ ಸಹೋದ್ಯೋಗಿ ಯಾರಾದ್ರೂ ಸಹಾಯ ಮಾಡಿದ್ರೆ ಒಳ್ಳೇದು. ಸಿಗದಿದ್ರೆ ಬರಿಗೈಲಿ ಬಂದ್ರೂ ಪರವಾಗಿಲ್ಲ. ದುಡ್ಡು ಉಳಿಸೋಕೆ ಹೋಗಿ ಹುಡುಗನಿಗೆ ಬಳಸೋಕಾಗದ ವಸ್ತು ತರೋದು ಬೇಡ.

ಅಲ್ಲಿನ ಪ್ಲಗ್ ಎರಡು ಚಪ್ಪಟೆ ಪಿನ್ನಿಂದು. ಅಡಾಪ್ಟರ್ ಮೇಲೆ ಇನ್‌ಪುಟ್ 100-240 ವೋಲ್ಟ್ ಅಂತ ಅಚ್ಚಾಗಿದ್ಯಾ ನೋಡ್ಕೊಂಡು, ಪಿನ್ ಬದಲಾಯಿಸೋ ಸಣ್ಣ ಕನ್ವರ್ಟರ್ ಹಾಕಿದ್ರೆ ಸಾಕು. ಟ್ರಾನ್ಸ್‌ಫಾರ್ಮರ್ ಏನೂ ಬೇಡ.

ಇನ್ನು ಹಳೇ ಆಟ ಹೊಸದ್ರಲ್ಲಿ ಹೆಂಗೆ ಓಡತ್ತೆ ಅನ್ನೋದು. ನಿಂಟೆಂಡೊ ಹಿಂದೆಲ್ಲಾ ಹೊಸ ಸೆಟ್ ಒಳಗೆ ಹಳೇದರ ಹಾರ್ಡ್‌ವೇರನ್ನೇ ಸೇರಿಸಿಬಿಡ್ತಿತ್ತು, 3ಡಿಎಸ್‌ನಲ್ಲಿ ಡಿಎಸ್ ಆಟ ಓಡ್ತಿದ್ದದ್ದು ಹಂಗೆ. ಸ್ವಿಚ್ 2ರಲ್ಲಿ ಹಳೇ ಸ್ವಿಚ್ಚಿನ ಚಿಪ್ ಇಲ್ಲ. ಎರಡಕ್ಕೂ ಎನ್ವಿಡಿಯಾ ಚಿಪ್ಪೇ, ಎರಡರ ಪ್ರೊಸೆಸರ್ರೂ ಆರ್ಮ್ ಜಾತಿದೇ, ಅಷ್ಟರ ಮಟ್ಟಿಗೆ ಆಟ ನೇರವಾಗಿ ಓಡತ್ತೆ. ಗ್ರಾಫಿಕ್ಸ್ ಭಾಗ ಮಾತ್ರ ಎರಡು ಮೂರು ಪೀಳಿಗೆ ಮುಂದಿಂದು. ಹಳೇ ಆಟದೊಳಗಿನ ಗ್ರಾಫಿಕ್ಸ್ ಆದೇಶಗಳು ಹಳೇ ಚಿಪ್ಪಿಗೇ ಅಂತ ಮೊದ್ಲೇ ಸಿದ್ಧ ಮಾಡಿಟ್ಟಿರೋವು. ಅವನ್ನ ಆಟ ನಡೀತಿರೋವಾಗ್ಲೇ ಹೊಸ ಚಿಪ್ಪಿಗೆ ಅರ್ಥ ಆಗೋ ಹಂಗೆ ಸಾಫ್ಟ್‌ವೇರ್ ತಿರುಗಿಸಿ ಕೊಡತ್ತೆ. ಅದಕ್ಕೇ ನೂರಕ್ಕೆ ನೂರು ಅಂತ ಕಂಪನೀನೂ ಹೇಳಿಲ್ಲ, ಒಂದೊಂದು ಆಟಾನೂ ಪರೀಕ್ಷೆ ಮಾಡಿ ಪಟ್ಟಿ ಹಾಕಿದೆ. ಕೆಲವು ಶುರುವಾಗಲ್ಲ, ಕೆಲವು ಮಧ್ಯದಲ್ಲಿ ನಿಂತೋಗ್ತವೆ. ಅಂಥವಕ್ಕೆ ಅಪ್‌ಡೇಟ್ ಬಂದು ಸರಿಹೋಗಿರೋದೂ ಉಂಟು.

ಹಿಂಗಾಗಿ ಅಪ್‌ಡೇಟ್ ಇಲ್ಲದೆ ಏನೂ ಶುರು ಮಾಡ್ಬೇಡಿ. ಬಿಡುಗಡೆ ಹೊತ್ತಿಗೆ ಬಂದ ಸೆಟ್‌ಗಳಿಗೆ ಹಳೇ ಆಟ ಆಡಿಸೋ ಶಕ್ತೀನೇ ಮೊದಲ ಅಪ್‌ಡೇಟಿಂದ ಬಂತು. ಬಾಕ್ಸ್ ತೆಗೆದ ತಕ್ಷಣ ಕ್ಯಾಸೆಟ್ ಹಾಕಿ, ಓಡ್ಲಿಲ್ಲ ಅಂತ ಗಾಬರಿ ಆಗೋದು ಬೇಡ. ಸೆಟ್ ಅಪ್‌ಡೇಟ್ ಆದ್ಮೇಲೆ ಆಟದ್ದು ಬೇರೆ ಮಾಡ್ಬೇಕು: ಆಟದ ಚಿತ್ರದ ಮೇಲೆ ನಿಂತು ಪ್ಲಸ್ ಬಟನ್ ಒತ್ತಿ, ಸಾಫ್ಟ್‌ವೇರ್ ಅಪ್‌ಡೇಟ್, ಇಂಟರ್ನೆಟ್ ಮೂಲಕ. ಆಮೇಲೂ ಆಟ ನಿಂತೋಗ್ತಿದ್ರೆ ಅದೇ ಪ್ಲಸ್ ಮೆನುವಲ್ಲಿ ಮ್ಯಾನೇಜ್ ಸಾಫ್ಟ್‌ವೇರ್ ಒಳಗೆ ಕರಪ್ಟ್ ಡೇಟಾ ಚೆಕ್ ಮಾಡೋ ಆಯ್ಕೆ ಇದೆ, ಅದನ್ನ ಓಡಿಸಿ. ಸೇವ್‌ಗೆ ಏನೂ ಆಗಲ್ಲ. ಕ್ಯಾಸೆಟ್ಟನ್ನೇ ಓದ್ತಿಲ್ಲ ಅಂದ್ರೆ ನಮ್ಮ ಕಡೆ ಧೂಳು ಜಾಸ್ತಿ ಅಲ್ವಾ, ಚಿನ್ನದ ಬಣ್ಣದ ಪಟ್ಟಿಗಳನ್ನ ಒಣ ಮೆತ್ತನೆ ಬಟ್ಟೇಲಿ ಒರೆಸಿ. ಬಾಯಿಂದ ಊದೋದು ಬೇಡ, ಎಂಜಲಿನ ತೇವಕ್ಕೆ ಆ ಪಟ್ಟಿಗಳು ಹಾಳಾಗ್ತವೆ.

ಬಾಕ್ಸ್ ತೆಗೆದಾಗ ಇನ್ನೊಂದು, ಇದನ್ನ ಚರಣ್‌ಗೆ ಮೊದ್ಲೇ ಹೇಳಿಡು. ಪರದೆ ಮೇಲೆ ತೆಳ್ಳಗೆ ಒಂದು ಪದರ ಅಂಟಿರತ್ತೆ, ಅಂಚಲ್ಲಿ ಉಗುರು ಹಾಕಿದ್ರೆ ಏಳೋ ಹಂಗೆ ಕಾಣತ್ತೆ. ಮೊಬೈಲ್‌ದು ಕೀಳೋ ಹಂಗೆ ಅದನ್ನ ಕೀಳ್ಬಾರ್ದು. ಗಾಜು ಒಡೆದ್ರೆ ಚೂರು ಹಾರದೇ ಇರ್ಲಿ ಅಂತ ಕಂಪನಿಯವರೇ ಹಾಕಿರೋದು. ಸ್ಕ್ರೀನ್ ಗಾರ್ಡ್ ಬೇಕಂದ್ರೆ ಅದರ ಮೇಲೇ ಅಂಟಿಸ್ಬೇಕು.

ಈಗ ಮುಖ್ಯ ಕೆಲಸ, ಸೇವ್ ದಾಟಿಸೋದು. ಇದಕ್ಕೆ ಒಂದು ಭಾನುವಾರ ಬೆಳಿಗ್ಗೆ ಇಟ್ಕೊಳ್ಳಿ. ಹಳೇ ಸ್ವಿಚ್‌ನ ಮೊದಲು ಅಪ್‌ಡೇಟ್ ಮಾಡಿ. ಚರಣ್ ಆಡೋ ಯೂಸರ್‌ಗೆ ನಿಂಟೆಂಡೊ ಅಕೌಂಟ್ ಜೋಡಿಸಿದ್ಯಾ ನೋಡಿ, ಇಲ್ಲದಿದ್ರೆ ಜೋಡಿಸಿ. ಅಕೌಂಟಿನ ಇಮೇಲ್, ಪಾಸ್‌ವರ್ಡ್ ಎರಡೂ ಕೈಗೆ ಸಿಗೋ ಹಂಗಿರ್ಲಿ, ಬಹಳ ಮನೆಗಳಲ್ಲಿ ಕೆಲಸ ನಿಲ್ಲೋದು ಇಲ್ಲೇ. ಎರಡೂ ಸೆಟ್ಟನ್ನ ಚಾರ್ಜರ್‌ಗೆ ಹಾಕಿ, ಪಕ್ಕಪಕ್ಕ ಇಟ್ಟು, ಒಂದೇ ವೈಫೈಗೆ ಸೇರಿಸಿ. ಕರೆಂಟ್ ಹೋದ್ರೆ ಸೆಟ್‌ಗೆ ಬ್ಯಾಟರಿ ಇದೆ, ಆಫ್ ಆಗೋದು ರೂಟರ್. ಹಾಗಾಗಿ ರೂಟರ್‌ನ ಯುಪಿಎಸ್‌ಗೆ ಹಾಕ್ಕೊಂಡೇ ಕೂತ್ಕೊಳ್ಳಿ.

ಹೊಸದನ್ನ ಮೊದಲ ಸಲ ಆನ್ ಮಾಡಿದಾಗ ಭಾಷೆ, ವೈಫೈ ಎಲ್ಲಾ ಕೇಳಿ, ಹಳೇ ಸ್ವಿಚ್ಚಿಂದ ಸಿಸ್ಟಮ್ ಟ್ರಾನ್ಸ್‌ಫರ್ ಮಾಡ್ತೀರಾ ಅನ್ನತ್ತೆ. ಆಮೇಲೆ ಮಾಡೋಣ ಅಂತ ಮುಂದೆ ಹೋಗ್ಬೇಡಿ! ಪೂರ್ತಿ ಟ್ರಾನ್ಸ್‌ಫರ್ ಮಾಡೋ ಅವಕಾಶ ಆ ಮೊದಲ ಸೆಟಪ್‌ನಲ್ಲೇ. ತಪ್ಪಿದ್ರೆ ಒಂದೊಂದು ಸೇವನ್ನೂ ಬೇರೆಬೇರೆ ಕಳಿಸ್ಬೇಕು, ಇಲ್ಲಾ ಹೊಸ ಸೆಟ್ಟನ್ನ ಅಳಿಸಿ ಮತ್ತೆ ಶುರು ಮಾಡ್ಬೇಕು. ಅಲ್ಲಿ ಎರಡು ದಾರಿ ಕೊಡತ್ತೆ. ಎರಡು ಸೆಟ್ಟೂ ಪಕ್ಕದಲ್ಲಿಟ್ಟು ನೇರ ಕಳಿಸೋದು ಒಂದು. ಹಳೇದರ ಮಾಹಿತೀನ ಸರ್ವರ್‌ಗೆ ಏರಿಸಿ ಆಮೇಲೆ ಇಳಿಸ್ಕೊಳ್ಳೋದು ಇನ್ನೊಂದು. ಎರಡನೇದ್ರಲ್ಲಿ ಏರಿಸಿ ಮುಗಿದ ಕೂಡ್ಲೇ ಹಳೇ ಸ್ವಿಚ್ ಪೂರ್ತಿ ಖಾಲಿ ಆಗೋಗತ್ತೆ. ಹಳೇದನ್ನ ಮೊದ್ಲೇ ಮಾರೋವ್ರಿಗೆ ಅಂತ ಇಟ್ಟಿರೋ ದಾರಿ ಅದು. ನಿಮಗೆ ಬೇಕಾಗಿರೋದು ಮೊದಲನೇದು. ಆನ್‌ಲೈನ್ ಸದಸ್ಯತ್ವ ಇದ್ರೆ ಸೇವ್‌ಗಳು ಕ್ಲೌಡ್‌ನಲ್ಲಿ ಇರ್ತವೆ ಅಂತ ಧೈರ್ಯವಾಗಿರೋ ಹಂಗೂ ಇಲ್ಲ, ಸ್ಪ್ಲಟೂನ್ 2, ಅನಿಮಲ್ ಕ್ರಾಸಿಂಗ್ ನ್ಯೂ ಹೊರೈಜನ್ಸ್, ಪೋಕೆಮಾನ್ ಸ್ವೋರ್ಡ್, ಶೀಲ್ಡ್‌ನಂಥ ಆಟಗಳಿಗೆ ಮಾಮೂಲಿ ಕ್ಲೌಡ್ ಸೇವ್ ಇಲ್ಲ. ಎಲ್ಲಾ ಮುಗಿದ್ಮೇಲೆ ಹೊಸದ್ರಲ್ಲಿ ಒಂದೊಂದು ಆಟಾನೂ ತೆಗೆದು, ಅವನು ಬಿಟ್ಟ ಜಾಗದಿಂದ್ಲೇ ಶುರುವಾಗತ್ತಾ ಅಂತ ನೋಡಿ. ಅಲ್ಲೀವರೆಗೂ ಹಳೇದನ್ನ ಮುಟ್ಟೋದು ಬೇಡ.

ಹಳೇದನ್ನ ಇಟ್ಕೊಳ್ಳೋಕೆ ಇನ್ನೊಂದು ಕಾರಣ ಜಾಯ್‌ಕಾನ್‌ಗಳು, ಅಕ್ಕಪಕ್ಕ ಸಿಕ್ಕಿಸೋ ಕಂಟ್ರೋಲರ್‌ಗಳು. ಹೊಸದ್ರದ್ದು ಆಯಸ್ಕಾಂತದಲ್ಲಿ ಅಂಟ್ಕೊಳ್ಳತ್ತೆ, ಗಾತ್ರಾನೂ ದೊಡ್ಡದು. ನೀನು ವ್ಯಾಯಾಮಕ್ಕೆ ಅಂತ ಆಡ್ತೀಯಲ್ಲ ರಿಂಗ್ ಫಿಟ್, ಆ ರಿಂಗೊಳಗೆ ಹೊಸ ಜಾಯ್‌ಕಾನ್ ಕೂರಲ್ಲ. ಹಳೇದೇ ಬೇಕು. ನಾಡಿಬಡಿತ ಅಳೆಯೋಕೆ ಹಳೇ ಬಲಗೈ ಜಾಯ್‌ಕಾನ್ ಕೆಳಗೆ ಕಪ್ಪಗೆ ಕಾಣೋ ಸಣ್ಣ ಕ್ಯಾಮೆರಾನೂ ಹೊಸದ್ರಲ್ಲಿ ತೆಗೆದಿದ್ದಾರೆ. ಆದ್ರೆ ಹಳೇ ಜಾಯ್‌ಕಾನ್ ಬ್ಲೂಟೂತಲ್ಲಿ ಹೊಸ ಸೆಟ್‌ಗೆ ಸೇರತ್ತೆ. ಕಂಟ್ರೋಲರ್ಸ್ ಮೆನುಗೆ ಹೋಗಿ ಚೇಂಜ್ ಗ್ರಿಪ್ ತೆಗೆದು, ಜಾಯ್‌ಕಾನ್ ಪಕ್ಕದ ಹಳಿ ಮೇಲೆ ಎಸ್‌ಎಲ್, ಎಸ್‌ಆರ್ ಮಧ್ಯೆ ಇರೋ ಪುಟ್ಟ ಗುಂಡಿ ಒತ್ತಿ ಹಿಡ್ಕೊಂಡ್ರೆ ಆಯ್ತು. ಚಾರ್ಜ್ ಮಾತ್ರ ಹೊಸ ಸೆಟ್‌ನಿಂದ ಆಗಲ್ಲ. ಹಳೇ ಸ್ವಿಚ್‌ಗೇ ಸಿಕ್ಕಿಸಿ ಮಾಡ್ಬೇಕು, ಇಲ್ಲಾ ಚಾರ್ಜಿಂಗ್ ಗ್ರಿಪ್ ಬೇರೆ ಕೊಳ್ಬೇಕು. ಹಳೇ ಕಂಟ್ರೋಲರಿಂದ ಮಲಗಿರೋ ಸೆಟ್ಟನ್ನ ಎಬ್ಬಿಸೋಕೂ ಆಗಲ್ಲ, ಸೆಟ್‌ನ ಪವರ್ ಬಟನ್ನೇ ಒತ್ಬೇಕು.

ಆಟ ಕೈಯಲ್ಲಿ ಹಿಡಿದಾಗ ಮಸುಕು ಅಂತ ಚರಣ್ ಅಂದೇ ಅಂತಾನೆ. ಅದು ಸೆಟ್‌ನ ದೋಷ ಅಲ್ಲ. ಹಳೇ ಆಟಗಳು ಕೈಯಲ್ಲಿ ಹಿಡಿದಾಗ ಮಾಮೂಲಿಯಾಗಿ 720 ಸಾಲಿನ ಚಿತ್ರ ಬಿಡಿಸ್ತವೆ, ಹೊಸ ಪರದೇಲಿ 1080 ಸಾಲು. ಸರಿಯಾಗಿ ಒಂದೂವರೆ ಪಟ್ಟು. ಎರಡು ಪಟ್ಟಾಗಿದ್ರೆ ಒಂದು ಚುಕ್ಕಿನ ನಾಲ್ಕು ಚುಕ್ಕಿ ಮಾಡಿ ಚೂಪಾಗಿ ಕೂರಿಸ್ಬಹುದಿತ್ತು. ಒಂದೂವರೆಗೆ ಪಕ್ಕದ ಚುಕ್ಕಿಗಳನ್ನ ಬೆರೆಸಿ ತುಂಬ್ಬೇಕು, ಅಕ್ಷರಗಳ ಅಂಚೆಲ್ಲಾ ಹರಡಿದ ಹಂಗೆ ಕಾಣತ್ತೆ. ಡಾಕ್‌ನಲ್ಲಿ, ಅಂದ್ರೆ ಟಿವಿಗೆ ಜೋಡಿಸೋ ಸ್ಟ್ಯಾಂಡಲ್ಲಿ ಇಟ್ಟು ಟಿವಿಗೆ ಹಾಕಿದ್ರೆ ಅದೇ ಆಟ ಟಿವಿ ಮೋಡ್‌ಗೆ ಹೋಗಿ 1080ರವರೆಗೂ ಬಿಡಿಸತ್ತೆ, ಚೆನ್ನಾಗಿ ಕಾಣತ್ತೆ. ಹಳೇ ಆಟದ ಬಣ್ಣ ಟಿವೀಲಿ ಪೇಲವ ಅನ್ಸಿದ್ರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಔಟ್‌ಪುಟ್ಟನ್ನ, ಹೊಂದಾಣಿಕೆ ಇರೋ ಆಟಗಳಿಗೆ ಮಾತ್ರ ಅಂತ ಇಡಿ. ಹಳೇ ಡಾಕ್ ಹೊಸದಕ್ಕೆ ಆಗಲ್ಲ. ಹಳೇ 39 ವಾಟ್ ಚಾರ್ಜರಲ್ಲಿ ಸೆಟ್ ಚಾರ್ಜ್ ಮಾಡ್ಬಹುದು, ಆದ್ರೆ ಟಿವಿಗೆ ಹಾಕೋವಾಗ ಹೊಸ 60 ವಾಟಿಂದೇ ಬೇಕು.

ಕೆಲವು ಹಳೇ ಆಟಗಳನ್ನ ಕಂಪನಿ ಹೊಸ ಸೆಟ್‌ಗೆ ಅಂತ್ಲೇ ತಿದ್ದಿದೆ. ಸೂಪರ್ ಮಾರಿಯೊ ಒಡಿಸಿ, ಪೋಕೆಮಾನ್ ಸ್ಕಾರ್ಲೆಟ್, ವೈಲೆಟ್, ಕ್ಯಾಪ್ಟನ್ ಟೋಡ್ ಇವಕ್ಕೆಲ್ಲ ಪುಕ್ಕಟೆ ಅಪ್‌ಡೇಟ್. ಪೋಕೆಮಾನಲ್ಲಿ ವ್ಯತ್ಯಾಸ ಬಹಳ ಚೆನ್ನಾಗಿದೆ, ಹಳೇದ್ರಲ್ಲಿ ಎಳೀತಿದ್ದ ಆಟ ಸರಾಗ ಆಗಿದೆ. ಇನ್ನು ಕೆಲವಕ್ಕೆ ದುಡ್ಡು ಕೊಡ್ಬೇಕು. ಜೆಲ್ಡಾದ ಬ್ರೆತ್ ಆಫ್ ದಿ ವೈಲ್ಡ್, ಟಿಯರ್ಸ್ ಆಫ್ ದಿ ಕಿಂಗ್ಡಮ್ ಆಟಗಳಿಗೆ ಒಂದೊಂದಕ್ಕೆ ಸುಮಾರು 10 ಡಾಲರ್. ಕೊಟ್ರೆ ಸೆಕೆಂಡಿಗೆ 30 ಚಿತ್ರ ಇದ್ದದ್ದು 60 ಆಗತ್ತೆ. ಕೊಡದಿದ್ರೂ ಹಳೇ ಕ್ಯಾಸೆಟ್ ಹಂಗೇ ಓಡತ್ತೆ, ಆತುರ ಇಲ್ಲ.

ಮೆಮೊರಿ ಕಾರ್ಡ್ ವಿಷ್ಯ. ಹಳೇ ಸ್ವಿಚ್ಚಿನ ಕಾರ್ಡ್ ಹೊಸದಕ್ಕೆ ಹಾಕಿದ್ರೆ ಫೋಟೋ, ವಿಡಿಯೋ ನಕಲು ಮಾಡ್ಕೊಳ್ಳೋಕೆ ಮಾತ್ರ ಬಿಡತ್ತೆ, ಆಟ ಇಡೋಕೆ ಬಿಡಲ್ಲ. ಬೇಕಾಗಿರೋದು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಅನ್ನೋ ಬೇರೆ ಜಾತಿ, ಕಾರ್ಡ್ ಮೇಲೆ ಇಎಕ್ಸ್ ಅನ್ನೋ ಗುರುತು ಇರತ್ತೆ. ಬರೀ 'ಫಾಸ್ಟ್', 'ಎಕ್ಸ್‌ಟ್ರೀಮ್' ಅಂತೆಲ್ಲ ಬರೆದಿರೋದು ಅಲ್ಲ. ಆದ್ರೆ ಈಗ್ಲೇ ಕೊಳ್ಬೇಡಿ ಅಕ್ಕ. ಸೆಟ್ ಒಳಗೇ 256 ಜಿಬಿ ಇದೆ, ನಿಮ್ಮಲ್ಲಿರೋದು ಹೆಚ್ಚು ಕ್ಯಾಸೆಟ್‌ಗಳೇ, ಅವು ಅಪ್‌ಡೇಟ್‌ಗೆ ಬಿಟ್ರೆ ಜಾಗ ತಿನ್ನಲ್ಲ. ಡೌನ್‌ಲೋಡ್ ಮಾಡಿದ ಆಟಗಳು ಈಗ ವರ್ಚುವಲ್ ಗೇಮ್ ಕಾರ್ಡ್ ಲೆಕ್ಕ. ಒಂದು ಸಲಕ್ಕೆ ಒಂದೇ ಸೆಟ್‌ನಲ್ಲಿ ಇರ್ಬೇಕು, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕ್ಬೇಕು. ಮೊದಲ ಸಲ ಎರಡೂ ಸೆಟ್ಟನ್ನ ಹತ್ತಿರ ಇಟ್ಟು ಜೋಡಿಸ್ಬೇಕು, ಆಮೇಲೆ ಇಂಟರ್ನೆಟ್ಟಲ್ಲೇ ಆಗತ್ತೆ. ಚಿಕ್ಕವಳು ಹಳೇದ್ರಲ್ಲಿ ಆಡ್ಕೊಂಡಿರ್ಬಹುದು.

ಏಪ್ರಿಲ್, ಮೇ ಬಿಸಿಲಲ್ಲಿ ಹುಷಾರು. ಸುತ್ತಲಿನ ಬಿಸಿ 35 ಡಿಗ್ರಿ ದಾಟಿದ್ರೆ ಬಳಸ್ಬೇಡಿ ಅನ್ನೋದು ಕಂಪನಿ ಮಾತು. ಮಧ್ಯಾಹ್ನ ಶೀಟ್ ಮನೆ ಮಹಡೀಲಿ, ದಿಂಬಿನ ಮೇಲಿಟ್ಟು ಆಡೋದು ಬೇಡ, ಗಾಳಿ ಹೋಗೋ ಸಂದು ಮುಚ್ಚೋಗತ್ತೆ. ಯಾವಾಗ್ಲೂ ಡಾಕ್‌ನಲ್ಲೇ ಇರೋದಾದ್ರೆ ಚಾರ್ಜ್ 90 ಪರ್ಸೆಂಟ್ ಹತ್ತಿರ ನಿಲ್ಲೋ ಸೆಟ್ಟಿಂಗ್ ಇದೆ, ಆನ್ ಮಾಡಿಡಿ.

ಕೊನೇದು ಮಾವನಿಗೆ. ಒಂದೇ ಕಾರ್ಡ್‌ನಲ್ಲಿ ನೂರಾರು ಆಟ ಹಾಕಿಕೊಡ್ತಾರಂತೆ ಅಂದ್ರಲ್ಲ, ಅದನ್ನ ಈ ಸೆಟ್‌ಗೆ ಸೋಕಿಸ್ಲೇಬೇಡಿ. ಅಂಥ ಕಾರ್ಡ್ ಹಾಕಿದ ಸ್ವಿಚ್ 2 ಸೆಟ್‌ಗಳನ್ನ 2025ರ ಜೂನಲ್ಲೇ ಆನ್‌ಲೈನಿಂದ ಹೊರಗೆ ಹಾಕಿದ್ದಾರೆ. ಬೀಳೋ ತಡೆ ಸೆಟ್‌ಗೇ. ಸೆಕೆಂಡ್ ಹ್ಯಾಂಡ್ ಕ್ಯಾಸೆಟ್ ತಗೊಂಡ್ರೆ ಮಾರಿದವರ ಬಿಲ್ ಅಥವಾ ಚಾಟ್, ಕ್ಯಾಸೆಟ್‌ನ ಎರಡೂ ಬದಿ ಫೋಟೋ ಇಟ್ಕೊಳ್ಳಿ. ಅದರ ನಕಲು ಬೇರೆ ಯಾರಾದ್ರೂ ಓಡಿಸಿದ್ದು ಗೊತ್ತಾದ್ರೆ ತಡೆ ನಿಮ್ಮ ಮೇಲೂ ಬರ್ಬಹುದು, ಆಗ ಅಸಲಿ ನಮ್ಮ ಕೈಲಿದೆ ಅಂತ ತೋರಿಸೋಕೆ ಅದೇ ಆಧಾರ.

ಅಕ್ಕ, ಚರಣ್ ಹತ್ರ ಇರೋ ಕ್ಯಾಸೆಟ್‌ಗಳನ್ನೆಲ್ಲ ಮಂಚದ ಮೇಲೆ ಹರಡಿ ಒಂದು ಫೋಟೋ ತೆಗೆದು ಇಲ್ಲೇ ಹಾಕು, ಡೌನ್‌ಲೋಡ್ ಮಾಡಿರೋ ಆಟಗಳ ಹೆಸರೂ ಬರಿ. ಒಂದೊಂದನ್ನೂ ಕಂಪನಿ ಪಟ್ಟೀಲಿ ಹುಡುಕಿ, ಯಾವುದಕ್ಕೆ ಹಳೇ ಜಾಯ್‌ಕಾನ್ ಬೇಕು, ಯಾವುದು ತೊಂದ್ರೆ ಕೊಡತ್ತೆ ಅಂತ ಇವತ್ತು ರಾತ್ರಿ ಹೇಳ್ತೀನಿ. ಭಾವಂಗೆ ಬಹುಭಾಷೆ ಸೆಟ್ ವಿಷ್ಯ ಮಾತ್ರ ಈಗ್ಲೇ ಫೋನ್ ಮಾಡಿ ಹೇಳ್ಬಿಡು.